ಅಡೇನಿಯಂ: ಹೂವಿನಿಂದ ಕೆಳಗೆ ನೋಡಿ

ನರ್ಸರಿಯಲ್ಲಿ ಅಡೇನಿಯಂ ಕಂಡವರ ಕಣ್ಣು ಮೊದಲು ಹೂವಿನ ಮೇಲೆ ಬೀಳುವುದು ಸಹಜ. ಮರುಭೂಮಿಯ ಗುಲಾಬಿ ಎಂದು ಕರೆದರೂ ಗುಲಾಬಿಗೂ ಇದಕ್ಕೂ ನಂಟಿಲ್ಲ. ಇದು ಕಣಗಿಲೆ, ದೇವಕಣಗಿಲೆಗಳ ಕುಟುಂಬದ್ದು, ಆಫ್ರಿಕದ ಸಾಹೇಲ್ ಮತ್ತು ಅರೇಬಿಯದ ಒಣನೆಲದಿಂದ ಬಂದದ್ದು. ಹೂವನ್ನೇ ನೋಡಿ ಗಿಡ ಆರಿಸುವವರು ಅದರ ಅರ್ಧ ಸೊಗಸನ್ನು ಬಿಟ್ಟುಬರುತ್ತಾರೆ ಎಂಬುದು ನನ್ನ ವಾದ. ಹೂವನ್ನು ಯಾರು ಬೇಕಾದರೂ ತರಿಸಬಹುದು: ಥಾಯ್ಲೆಂಡ್ ತಳಿಯ ಒಂದು ಟೊಂಗೆ ತಂದು ಕಸಿ ಕಟ್ಟಿದರೆ ಕೆಂಪು ಹೂವಿನ ಗಿಡದಲ್ಲಿ ಕೆಲವೇ ತಿಂಗಳಿಗೆ ಹಳದಿ ಹೂ ಅರಳುತ್ತದೆ. ನೀರು ತುಂಬಿಕೊಂಡು ಉಬ್ಬಿದ ಬೊಡ್ಡೆಗೆ ಅಂಥ ಅಡ್ಡದಾರಿ ಇಲ್ಲ. ಬೀಜದಿಂದ ಬೆಳೆದ ಗಿಡಕ್ಕೆ ಅದು ಎಳವೆಯಲ್ಲೇ ಮೂಡಿ ವರ್ಷವರ್ಷ ದಪ್ಪವಾಗುತ್ತದೆ. ಟೊಂಗೆ ನೆಟ್ಟು ಬೆಳೆಸಿದ್ದಕ್ಕೆ ಅಷ್ಟು ಸುಲಭವಾಗಿ ಬಾರದು.

ನಾಸಿಕ ಮತ್ತು ಛತ್ರಪತಿ ಸಂಭಾಜಿನಗರದ ತಾರಸಿಗಳು ಈ ಗಿಡಕ್ಕೆ ಹೇಳಿಮಾಡಿಸಿದಂತಿವೆ. ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಉಳಿದದ್ದು ಒಣಹವೆ. ಸಂಭಾಜಿನಗರದ 40 ಡಿಗ್ರಿ ಬಿಸಿಲಿಗೆ ಇದು ಹೆದರುವುದಿಲ್ಲ, ಹೆದರುವುದು ಅಲ್ಲಿನ ಎರೆಮಣ್ಣಿಗೆ. ನೀರು ಹಿಡಿದಿಟ್ಟುಕೊಳ್ಳುವ ಆ ಮಣ್ಣು ಹತ್ತಿಗೆ ವರ, ಅಡೇನಿಯಂಗೆ ಶಾಪ. ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪವೇ ಗೊಬ್ಬರ ಸಾಕು. ಜಡಿಮಳೆಯಲ್ಲಿ ಕುಂಡವನ್ನು ಸೂರಿನಡಿಗೆ ಸರಿಸಬೇಕು. ಬೊಡ್ಡೆಯನ್ನು ಬೆರಳಿನಿಂದ ಒತ್ತಿ ನೋಡಿ: ಎಲ್ಲೆಡೆ ಸಮನಾಗಿ ಸುಕ್ಕಾಗಿ ಮೆದುವಾಗಿದ್ದರೆ ಬಾಯಾರಿಕೆ, ಒಂದೇ ಕಡೆ ಕುಸಿದು ವಾಸನೆ ಬಂದರೆ ಕೊಳೆತ. ನಾಸಿಕದ ಚಳಿಯದು ಬೇರೆ ಲೆಕ್ಕ. ನಿಫಾಡದ ಕಡೆ ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿಳಿದು, ದ್ರಾಕ್ಷಿ ಬೆಳೆಗಾರರು ತೋಟದಲ್ಲಿ ಬೆಂಕಿ ಹಾಕುವ ದಿನಗಳೂ ಉಂಟು. ಆಗ ಅಡೇನಿಯಂ ಎಲೆಯುದುರಿಸಿ ನಿಲ್ಲುತ್ತದೆ. ಗಿಡ ಸತ್ತಿತೆಂದು ನೀರು ಸುರಿಯುವವರೇ ಅದನ್ನು ನಿಜವಾಗಿ ಕೊಲ್ಲುವುದು.

ಫೋಟೊ ತೆಗೆಯಲು ಈ ಬೋಳು ತಿಂಗಳುಗಳೇ ಪ್ರಶಸ್ತ. ಮೊಬೈಲನ್ನು ಕುಂಡದ ಅಂಚಿನ ಮಟ್ಟಕ್ಕೆ ಇಳಿಸಿ, ಬೆಳಗಿನ ಓರೆ ಬಿಸಿಲು ಒಂದು ಪಕ್ಕದಿಂದ ಬೀಳಲಿ. ಬೂದುಬಣ್ಣದ ತೊಗಟೆಯ ಮಡಿಕೆ, ಹಳೆಯ ಕತ್ತರಿಯ ಗಾಯ, ಬೇರು ಕವಲೊಡೆದ ಜಾಗ ಎಲ್ಲವೂ ಆಗ ಎದ್ದು ಕಾಣುತ್ತವೆ; ನಡುಹಗಲಲ್ಲಿ ಇವೆಲ್ಲ ಚಪ್ಪಟೆ. ಹೂವೂ ಬೇಕೆನ್ನುವವರು ಬೇಸಿಗೆಗೆ ಕಾದು, ಎಕ್ಸ್‌ಪೋಶರ್ ತುಸು ತಗ್ಗಿಸಿದರೆ ಗುಲಾಬಿ ಬಣ್ಣ ಬಿಳಿಚಿಕೊಳ್ಳದು. ವೈಡ್ ಲೆನ್ಸಿನಲ್ಲಿ ತೀರ ಹತ್ತಿರ ಹೋದರೆ ಮಾತ್ರ ಬೊಡ್ಡೆ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಆನ್‌ಲೈನಿನಲ್ಲಿ ಗಿಡ ಕೊಳ್ಳುವವರು ಇದನ್ನು ನೆನಪಿಡಲಿ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಕೇಳಲಿ.

ಕುಂಡ ಬದಲಿಸುವಾಗಲೆಲ್ಲ ಗಿಡವನ್ನು ತುಸು ಮೇಲೆತ್ತಿ ಬೇರು ತೋರಿಸುವುದು ಕೃತಕವಲ್ಲವೇ ಎಂದು ಕೇಳುವವರಿದ್ದಾರೆ. ಕೃತಕವೇ. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರಾದಲ್ಲಿ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ 8ನೆಯ ಶತಮಾನದಲ್ಲಿ ಕೊರೆಸಿದ ಕೈಲಾಸವೂ ಮೇಲಿನಿಂದ ಕಲ್ಲು ತೆಗೆಯುತ್ತ ತೆಗೆಯುತ್ತ ಕಾಣಿಸಿಕೊಂಡದ್ದು. ತೆಗೆದದ್ದರಿಂದ ರೂಪ ಸುಳ್ಳಾಗಲಿಲ್ಲ. ಮೇಲೆತ್ತಿದ ಬೇರೂ ಆ ಗಿಡದ್ದೇ. ಹಲವು ಎಳೆಗಿಡಗಳ ಕಾಂಡಗಳನ್ನು ಜಡೆ ಹೆಣೆದು ಮಾರುವ ಚಮತ್ಕಾರಕ್ಕೆ ಈ ಮಾತು ಸಲ್ಲದು; ಅಲ್ಲಿ ಕಾಣುವುದು ಹೆಣೆದವರ ಕೈ, ಗಿಡವಲ್ಲ. ವಿಷದ ಗಿಡ ಮನೆಯಲ್ಲೇಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆಫ್ರಿಕದ ಬೇಟೆಗಾರರು ಬಾಣದ ಮೊನೆಗೆ ಸವರುತ್ತಿದ್ದ ಸೊನೆ ಇದು, ಹೃದಯಕ್ಕೇ ತಾಗುತ್ತದೆ. ಕಣಗಿಲೆಯೂ ಇಂಥದ್ದೇ, ಆದರೂ ನಮ್ಮ ಹಿತ್ತಿಲುಗಳಲ್ಲಿ ಉಳಿದಿದೆ. ಟೊಂಗೆ ಕತ್ತರಿಸುವಾಗ ಕೈಗವಸು ಹಾಕಿಕೊಳ್ಳಿ, ಆಮೇಲೆ ಕತ್ತರಿಯನ್ನೂ ತೊಳೆಯಿರಿ, ಕುಂಡವನ್ನು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಇಡಿ.