ಮನೆಯಲ್ಲಿ ಕೂತು ನೋಡುವ ಸಿನಿಮಾ

ಮದುವೆ ಮನೆಯಲ್ಲಿ ಹೂ ಕಟ್ಟುತ್ತಾ ಕೂತಾಗ, ನೆಂಟರ ಮನೆಯಲ್ಲಿ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವಾಗ ಹೆಂಗಸರು ನನ್ನನ್ನು ಕೇಳುವ ಪ್ರಶ್ನೆಯೊಂದಿದೆ: "ಮನೇಲೇ ಕೂತ್ಕೊಂಡು ನೋಡೋಕೆ ಒಳ್ಳೇ ಸಿನಿಮಾ ಯಾವ್ದಾದ್ರೂ ಇದ್ರೆ ಹೇಳಿ." ಬಳಗದಲ್ಲೆಲ್ಲ ಸಿನಿಮಾ ಹುಚ್ಚಿನವಳೆಂದು ಹೆಸರಾದ ಮೇಲೆ ಉತ್ತರ ಹೇಳದೆ ಜಾರಿಕೊಳ್ಳುವ ಹಾಗಿಲ್ಲ. ಒಂದು ಕಾಲಕ್ಕೆ ದೂರದರ್ಶನ ತೋರಿಸುತ್ತಿದ್ದ ವಾರದ ಕನ್ನಡ ಸಿನಿಮಾಕ್ಕೆ ಬೀದಿಗೆ ಬೀದಿಯೇ ಕಾಯುತ್ತಿತ್ತು. ಹಬ್ಬಕ್ಕೋ ನಾಮಕರಣಕ್ಕೋ ವಿಸಿಪಿ ಬಾಡಿಗೆಗೆ ತಂದರೆ ಬೆಳಗಿನ ಜಾವದವರೆಗೆ ಮೂರು ಸಿನಿಮಾ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡು ಏಳುತ್ತಿದ್ದೆವು. ಈಗ ಅಂಗೈಯಗಲದ ಫೋನಿನಲ್ಲಿ ಅಜ್ಜಿ ಕಾಲದ ಸಿನಿಮಾದಿಂದ ಹಿಡಿದು ಹೋದ ತಿಂಗಳಿನದರವರೆಗೆ ಎಲ್ಲವೂ ಇದೆ. ಎಲ್ಲವೂ ಇರುವುದರಿಂದಲೇ ಯಾವುದನ್ನು ನೋಡುವುದೆಂಬ ಗೊಂದಲವೂ ಹೆಚ್ಚಾಗಿದೆ.

ಪಟ್ಟಿ ಕೊಡುವುದು ಕಷ್ಟವೇನಲ್ಲ. ಆದರೆ ಮನೆಯಲ್ಲಿ ನೋಡುವುದಕ್ಕೂ ಟಾಕೀಸಿನಲ್ಲಿ ನೋಡುವುದಕ್ಕೂ ವ್ಯತ್ಯಾಸವಿದೆ, ಅದನ್ನು ಮೊದಲು ಹೇಳಬೇಕು. ನಮ್ಮ ಊರ್ಡಿಗೆರೆಯಿಂದ ಸಿನಿಮಾಕ್ಕೆಂದರೆ ಬಸ್ಸು ಹತ್ತಿ ತುಮಕೂರಿಗೆ ಹೋಗಬೇಕಿತ್ತು. ಬೆಳಗ್ಗೆಯೇ ಮಧ್ಯಾಹ್ನದ ಅಡುಗೆ ಮುಗಿಸಿ, ಅತ್ತೆಯ ಒಪ್ಪಿಗೆ ಪಡೆದು, ನಾಲ್ಕು ಜನ ಹೆಂಗಸರು ಜೊತೆಯಾಗಿ ಹೊರಟರೆ ಆ ಮೂರು ಗಂಟೆ ನಮ್ಮದು. ದೀಪ ಆರಿದ ಮೇಲೆ ಎಷ್ಟು ಅತ್ತರೂ ಯಾರಿಗೂ ಕಾಣುತ್ತಿರಲಿಲ್ಲ. ಪಕ್ಕದ ಕುರ್ಚಿಯ ಗುರುತಿಲ್ಲದ ಹೆಂಗಸೂ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಹಾಗಲ್ಲ. ದೀಪ ಉರಿಯುತ್ತಿರುತ್ತದೆ. ಮಾವನವರು ಆರಾಮ ಕುರ್ಚಿಯಲ್ಲಿ, ಯಜಮಾನರು ಪೇಪರು ಹಿಡಿದು, ಮಗ ಗೋಡೆಗೊರಗಿ ಕೂತಿರುತ್ತಾರೆ. ಕುಕ್ಕರು ಕೂಗಿದರೆ ಏಳುವವಳು ನಾನೇ. ಸಿನಿಮಾದಲ್ಲಿ ಅತ್ತೆ ಸೊಸೆಗೆ ಏನಾದರೂ ಅಂದರೆ ಅದನ್ನು ಕೇಳಿಸಿಕೊಳ್ಳುವ ಅತ್ತೆಯೂ ಸೊಸೆಯೂ ಅದೇ ಕೋಣೆಯಲ್ಲಿರುತ್ತಾರೆ.

ಹಾಗಾಗಿ ನನ್ನ ಅಳತೆಗೋಲು ಇದು: ಮನೆಯ ಒಳಗಿನ ಮಾತನ್ನು ಮನೆಯವರ ಎದುರಿಗೇ ಆಡುವ ಸಿನಿಮಾ, ನೋಡಿ ಮುಗಿಸಿದ ಮೇಲೆ ಮನೆಯಲ್ಲಿ ಒಂದು ಮಾತುಕತೆಗೆ ಜಾಗ ಮಾಡಿಕೊಡುವ ಸಿನಿಮಾ, ಅದು ಮನೆಗೆ ಬೇಕಾದ ಸಿನಿಮಾ.

ಸಿನಿಮಾ ನಮ್ಮ ಸೀಮೆಗೆ ದೂರದ್ದೇನಲ್ಲ. ತುಮಕೂರು ದಾಟಿದರೆ ಗುಬ್ಬಿ. ಆ ಊರಿನ ಗುಬ್ಬಿ ವೀರಣ್ಣನವರ ಸಂಸ್ಥೆ ನಾಟಕದ ಜೊತೆಗೆ ಸಿನಿಮಾಗಳನ್ನೂ ಮಾಡಿತು. ರಾಜಕುಮಾರ್ ನಾಯಕರಾದ 'ಬೇಡರ ಕಣ್ಣಪ್ಪ' (1954) ಆ ಬಳಗದ್ದೇ. ಅದಕ್ಕೂ ಮೊದಲು 1946ರಲ್ಲಿ ವೀರಣ್ಣನವರೂ ಬಿ. ಜಯಮ್ಮನವರೂ ಅಭಿನಯಿಸಿದ 'ಹೇಮರೆಡ್ಡಿ ಮಲ್ಲಮ್ಮ' ಬಂತು. ಮಲ್ಲಮ್ಮನ ಕತೆ ನಮಗೆಲ್ಲ ಗೊತ್ತು. ಗಂಡನ ಮನೆಯವರ ಕಾಟವನ್ನೆಲ್ಲ ಸಹಿಸಿ, ಕೊನೆಗೆ ಮಲ್ಲಿಕಾರ್ಜುನ ಒಲಿದಾಗಲೂ ತನಗೆಂದು ಏನನ್ನೂ ಕೇಳದೆ ಕುಲಕ್ಕೆ ಒಳ್ಳೆಯದನ್ನು ಬೇಡಿದವಳು. ನಮ್ಮ ಅಜ್ಜಿಯಂದಿರಿಗೆ ಸೊಸೆಯೆಂದರೆ ಮಲ್ಲಮ್ಮ. ಅಲ್ಲಿಂದ ಈಚೆಗೆ ನಮ್ಮ ಸಿನಿಮಾದ ಹೆಣ್ಣು ಎಷ್ಟು ದೂರ ನಡೆದಳು ಎಂದು ನೋಡುವುದಕ್ಕೆ ನಾನು ಹೇಳುವ ಚಿತ್ರಗಳನ್ನು ಸಾಲಾಗಿ ನೋಡಬೇಕು.

ಮೊದಲನೆಯದು ಪುಟ್ಟಣ್ಣ ಕಣಗಾಲ್ ಅವರ 'ಬೆಳ್ಳಿ ಮೋಡ' (1967). ತ್ರಿವೇಣಿಯವರ ಕಾದಂಬರಿ. ಶ್ರೀಮಂತರ ಒಬ್ಬಳೇ ಮಗಳು ಇಂದಿರಾ, ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ದುಡ್ಡಿನಲ್ಲೇ ಪರದೇಶಕ್ಕೆ ಹೋಗಿ ಓದಿ ಬರುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ಆಸ್ತಿ ಕೈತಪ್ಪಿತೆಂದು ತಿಳಿದ ಮೋಹನನಿಗೆ ಪ್ರೀತಿಯೂ ತಪ್ಪಿಹೋಗುತ್ತದೆ. ಮುಂದೆ ಅವನು ಕಾಲು ಮುರಿದುಕೊಂಡು ಅದೇ ಮನೆಯಲ್ಲಿ ಮಲಗಿದಾಗ ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಮದುವೆಯಾಗೋಣ ಅನ್ನುತ್ತಾನೆ. ಇಂದಿರೆ ಬೇಡ ಅನ್ನುತ್ತಾಳೆ. ಕೂಗಾಡುವುದಿಲ್ಲ, ಶಾಪ ಹಾಕುವುದಿಲ್ಲ. ಆರೈಕೆ ಮಾಡಿದ್ದು ಮನುಷ್ಯತ್ವ, ಮದುವೆ ಬೇರೆ ಮಾತು ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತು. ಕಲ್ಪನಾ ಎಂದರೆ ಗೋಳಾಟ ಎಂದು ನೆನಪಿಟ್ಟುಕೊಂಡವರು ಈ ಕೊನೆಯ ಭಾಗವನ್ನು ಇನ್ನೊಮ್ಮೆ ನೋಡಬೇಕು.

ಇಲ್ಲಿ ಪುಟ್ಟಣ್ಣನವರ ಬಗ್ಗೆ ನನ್ನದೊಂದು ತಕರಾರಿದೆ. ಕನ್ನಡದಲ್ಲಿ ಹೆಂಗಸಿನ ಒಳಗುದಿಯನ್ನು ಅವರಷ್ಟು ಆಸ್ಥೆಯಿಂದ ನೋಡಿದ ನಿರ್ದೇಶಕರು ಕಡಿಮೆ. ಆದರೆ ಮುಂದಿನ ಚಿತ್ರಗಳಲ್ಲಿ ಅವರ ನಾಯಕಿಯರಿಗೆ ದಾರಿಯೇ ಉಳಿಯುವುದಿಲ್ಲ. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ 'ಗೆಜ್ಜೆ ಪೂಜೆ'ಯಲ್ಲಿ (1969) ಓದಿ ಮದುವೆಯಾಗಿ ಎಲ್ಲರಂತೆ ಬದುಕಬೇಕೆಂದ ಚಂದ್ರಳಿಗೆ ಕೊನೆಗೆ ಸಿಗುವುದು ಸಾವು. 'ಶರಪಂಜರ'ದ (1971) ಕಾವೇರಿಗೆ ಮತ್ತೆ ಹುಚ್ಚು. ನೋಡಿದವರು ಅತ್ತು ಹಗುರಾಗಿ ಮನೆಗೆ ಬರುತ್ತಾರೆ, ಮನೆ ಇದ್ದ ಹಾಗೇ ಇರುತ್ತದೆ. ಮೊದಲ ಕನ್ನಡ ಚಿತ್ರದಲ್ಲೇ ಬೇಡ ಎನ್ನುವ ಧೈರ್ಯ ಹೆಣ್ಣಿಗೆ ಕೊಟ್ಟ ನಿರ್ದೇಶಕರು ಆಮೇಲೆ ಆ ಧೈರ್ಯವನ್ನು ಹಿಂದಕ್ಕೆ ಪಡೆದರೇನೋ ಎಂದು ನನಗೆ ಅನ್ನಿಸಿದೆ.

ಹಾಗೆಂದು 'ಶರಪಂಜರ'ವನ್ನು ಪಟ್ಟಿಯಿಂದ ತೆಗೆಯಲಾರೆ. ಅದಕ್ಕೊಂದು ಕಾರಣವಿದೆ. ನನ್ನ ವಾರಗಿತ್ತಿಗೆ ಎರಡನೆಯ ಬಾಣಂತನದಲ್ಲಿ ಮನಸ್ಸು ಕೆಟ್ಟಿತು. ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ವಾಸಿಯಾಗಿ ಬಂದಳು. ಬಂದವಳ ಕೈಗೆ ಮಗು ಕೊಡುವಾಗ ಮನೆಯವರೆಲ್ಲ ಒಂದು ಕ್ಷಣ ಹಿಂದೆಮುಂದೆ ನೋಡುತ್ತಿದ್ದರು. ಅವಳು ಜೋರಾಗಿ ನಕ್ಕರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಂದು ದಿನ ಟೀವಿಯಲ್ಲಿ 'ಶರಪಂಜರ' ಬಂತು. ಬಾಣಂತಿಯಾದ ಮೇಲೆ ಕಾವೇರಿಯ ಮನಸ್ಸು ಕದಡುವುದು, ಆಸ್ಪತ್ರೆಯಿಂದ ವಾಸಿಯಾಗಿ ಮರಳಿದವಳನ್ನು ಗಂಡನಿಂದ ಆಳಿನವರೆಗೆ ಎಲ್ಲರೂ ಹುಚ್ಚಿಯೆಂದೇ ಕಾಣುವುದು, ಗಂಡನಿಗೆ ಬೇರೊಬ್ಬಳ ಸಂಗವಿದೆಯೆಂದು ತಿಳಿದು ಅವಳು ನಿಜವಾಗಿಯೂ ಕುಸಿಯುವುದು ಎಲ್ಲ ಒಂದೊಂದಾಗಿ ತೆರೆಯ ಮೇಲೆ ಬರುತ್ತಿದ್ದರೆ ನಮ್ಮ ನಡುಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹಿರಿಯರೊಬ್ಬರು ಎದ್ದು ಟೀವಿ ಆರಿಸಲು ಹೋದರು. "ಇರ್ಲಿ ಬಿಡಿ, ನೋಡ್ತೀನಿ" ಎಂದವಳು ಅವಳೇ. ಮುಗಿದ ಮೇಲೆ ಅನ್ನ ಬಸಿಯುತ್ತಾ ನನಗೆ ಹೇಳಿದಳು: "ಅಕ್ಕಾ, ಆ ಕಾವೇರಿ ವಾಪಸ್ಸು ಬಂದ್ಮೇಲೆ ಯಾರಾದ್ರೂ ಒಬ್ರು ಕೂತ್ಕೊಂಡು ನೆಟ್ಟಗೆ ಮಾತಾಡ್ಸಿದ್ರೆ ಸಾಕಿತ್ತು, ಅಲ್ವಾ?" ಮಾರನೆಯ ಬೆಳಗ್ಗೆ ನಮ್ಮ ಅತ್ತೆ ಏನೂ ಮಾತಾಡದೆ ಮಗುವನ್ನು ಎಣ್ಣೆನೀರಿಗೆಂದು ಅವಳ ಕೈಗೇ ಕೊಟ್ಟರು. ಎಷ್ಟು ಬುದ್ಧಿ ಹೇಳಿದ್ದರೂ ಆಗದ ಕೆಲಸವದು.

ಬಾಣಂತಿಯರಿಗೆ ಬರುವ ಈ ಕಾಯಿಲೆ ಗುಣವಾಗುವಂಥದು, ಔಷಧಿಯಷ್ಟೇ ಮನೆಯವರ ನಂಬಿಕೆಯೂ ಮುಖ್ಯ ಎಂದು ಇವತ್ತು ವೈದ್ಯರು ಹೇಳುತ್ತಾರೆ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಅದನ್ನು ಅಷ್ಟು ಹಿಂದೆಯೇ ಕಾದಂಬರಿಯಾಗಿ ಬರೆದರು. ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, 1963ರಲ್ಲಿ, ಅವರು ತೀರಿಕೊಂಡಾಗ ವಯಸ್ಸು 34. ತಮ್ಮ ಕಾವೇರಿಯನ್ನು ತೆರೆಯ ಮೇಲೆ ಅವರು ನೋಡಲೇ ಇಲ್ಲ.

ಪುಟ್ಟಣ್ಣನವರ ಬಿರುಗಾಳಿಯ ನಂತರ ಪ್ರೇಮಾ ಕಾರಂತರ 'ಫಣಿಯಮ್ಮ' (1983) ನೋಡಿದರೆ ಬೇರೊಂದು ಲೋಕಕ್ಕೆ ಬಂದ ಹಾಗಾಗುತ್ತದೆ. ಇದೂ ಎಂ.ಕೆ. ಇಂದಿರಾ ಅವರ ಕಾದಂಬರಿ. ಹಿನ್ನೆಲೆ ಸಂಗೀತ ಹೇಳಿದಾಗ ಅಳುವ ಅಭ್ಯಾಸವಿದ್ದವರಿಗೆ ಮೊದಲ ಅರ್ಧ ಗಂಟೆ ಬೇಸರವಾಗಬಹುದು, ತಾಳ್ಮೆಯಿರಲಿ. ಬಾಲವಿಧವೆಯಾಗಿ ಕೇಶಮುಂಡನಕ್ಕೆ ತಲೆಕೊಟ್ಟ ಫಣಿಯಮ್ಮ ದೊಡ್ಡ ಮನೆಯ ಮೂಲೆಯಲ್ಲಿ ಮುದುಕಿಯಾಗುತ್ತಾಳೆ. ಎಲ್ಲರಿಗೂ ಬೇಕಾದವಳು, ಯಾರಿಗೂ ಲೆಕ್ಕಕ್ಕಿಲ್ಲದವಳು. ಆದರೆ ಅದೇ ಮನೆತನದ ಇನ್ನೊಬ್ಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪದೆ ಸೆಟೆದು ನಿಂತಾಗ ಅವಳ ಪರ ನಿಲ್ಲುವವಳು ಈ ಫಣಿಯಮ್ಮನೇ. ತಾನು ಅನುಭವಿಸಿದ್ದನ್ನು ಮುಂದಿನವರೂ ಅನುಭವಿಸಲಿ ಎನ್ನುವುದು ನಮ್ಮ ಮನೆಗಳಲ್ಲಿ ಅತ್ತೆಯಿಂದ ಸೊಸೆಗೆ ಬರುವ ಬಳುವಳಿ. ಫಣಿಯಮ್ಮ ಅದನ್ನು ಸದ್ದಿಲ್ಲದೆ ಮುರಿಯುತ್ತಾಳೆ. ಎಲ್.ವಿ. ಶಾರದಾ ಅವರ ಮುಖದಲ್ಲಿ ದ್ವೇಷದ ಎಳೆಯೂ ಇಲ್ಲ.

ಗಿರೀಶ್ ಕಾಸರವಳ್ಳಿಯವರ ಹೆಸರು ಹೇಳಿದರೆ "ಅಯ್ಯೋ, ಅವಾರ್ಡ್ ಸಿನಿಮಾನಾ?" ಎಂದು ಮೂಗು ಮುರಿಯುವವರುಂಟು. ಅಂಥವರಿಗೆ ನಾನು ಮೊದಲು ತೋರಿಸುವುದು 'ದ್ವೀಪ' (2002). ನಾ. ಡಿಸೋಜಾ ಅವರ ಕಾದಂಬರಿ, ಸೌಂದರ್ಯ ತಾವೇ ನಿರ್ಮಿಸಿ ನಟಿಸಿದ್ದು. ಅಣೆಕಟ್ಟಿನ ನೀರು ಏರುತ್ತಾ ಬಂದು ಒಂದೇ ಒಂದು ಮನೆ ಗುಡ್ಡದ ಮೇಲೆ ಉಳಿಯುತ್ತದೆ. ಮಳೆ ನಿಲ್ಲುವುದಿಲ್ಲ, ಗಂಡ ಗಣಪನ ಧೈರ್ಯ ಕುಸಿಯುತ್ತದೆ. ಮನೆಯನ್ನು ಉಳಿಸಿಕೊಳ್ಳುವವಳು ನಾಗಿ. ಬೆಳಗಾದ ಮೇಲೆ ಗಂಡ ಹೇಳುವುದೇನು? ಉಳಿಸಿದ್ದು ದೇವರು! ಆ ಮಾತು ಕೇಳಿ ನಾಗಿಯ ಮುಖ ನೋಡಿ. ಹಬ್ಬದ ದಿನ ಹತ್ತು ಜನಕ್ಕೆ ಬಡಿಸಿ ಕೊನೆಗೆ ತಣ್ಣಗಿನ ಅನ್ನ ಉಂಡವರಿಗೆ ಆ ಮುಖ ಗುರುತು ಸಿಗುತ್ತದೆ. ಈ ಸಿನಿಮಾವನ್ನು ಯಜಮಾನರ ಜೊತೆಯಲ್ಲೇ ನೋಡಬೇಕು. ವ್ಯಾಖ್ಯಾನ ಬೇಕಾಗುವುದಿಲ್ಲ.

ಮನೆಯಲ್ಲಿ ಸಿನಿಮಾ ನೋಡುವುದರ ಬಗ್ಗೆಯೇ ಒಂದು ಸಿನಿಮಾ ಇದೆಯೆಂದರೆ ಅದು ಅವರದೇ 'ಗುಲಾಬಿ ಟಾಕೀಸ್' (2008). ವೈದೇಹಿಯವರ ಕತೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಕಾಸರವಳ್ಳಿ ಅದನ್ನು ಟೀವಿಯಾಗಿ ಬದಲಿಸಿ ಮನೆಯೊಳಗೇ ತಂದರು. ಕುಂದಾಪುರದ ಕಡೆಯ ಬೆಸ್ತರ ಕೇರಿಯಲ್ಲಿ ಸೂಲಗಿತ್ತಿ ಗುಲಾಬಿ. ಗಂಡ ಬಿಟ್ಟುಹೋಗಿ ಇನ್ನೊಬ್ಬಳೊಡನೆ ಇದ್ದಾನೆ. ಇವಳಿಗೆ ಸಿನಿಮಾ ಎಂದರೆ ಪ್ರಾಣ. ಹೆರಿಗೆಗೆ ಕರೆಯಲು ಬಂದವರು ಸಿನಿಮಾ ಬಿಡಿಸಿ ಅವಳನ್ನು ಕರೆದೊಯ್ಯಬೇಕು, ಅಂಥ ಹುಚ್ಚು! ಅಂಥದೊಂದು ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಬಣ್ಣದ ಟೀವಿ ಬರುತ್ತದೆ. ಮುಸಲ್ಮಾನಳ ಮನೆಯೆಂದು ಹಿಂಜರಿಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಹೊಸಿಲು ದಾಟುತ್ತಾರೆ. ಗಂಡಸರು ಕಡಲಿಗೆ ಹೋದ ಹೊತ್ತು ಆ ಗುಡಿಸಲೇ ಅವರ ಟಾಕೀಸು. ಅಲ್ಲಿ ನಗುತ್ತಾರೆ, ಅಳುತ್ತಾರೆ, ಗಂಡಂದಿರ ಮೇಲೆ ದೂರು ಹೇಳಿಕೊಳ್ಳುತ್ತಾರೆ. ಅಷ್ಟರಲ್ಲಿ 1999ರ ಕಾರ್ಗಿಲ್ ಯುದ್ಧ ಬರುತ್ತದೆ. ಹೆಂಗಸರನ್ನು ಒಂದು ಕಡೆ ಕೂರಿಸಿದ ಟೀವಿಯೇ ಸಂಶಯವನ್ನೂ ಒಳಗೆ ತರುತ್ತದೆ. ಒಬ್ಬ ಹುಡುಗಿ ಕಾಣೆಯಾದರೆ ಅಪವಾದವೆಲ್ಲ ಗುಲಾಬಿಯ ತಲೆಗೆ.

ಚಿತ್ರದ ಎರಡನೆಯ ಭಾಗದಲ್ಲಿ ದೊಡ್ಡ ದೋಣಿ ಸಣ್ಣ ದೋಣಿಗಳ ಜಗಳ, ಯುದ್ಧ, ಮತದ್ವೇಷ ಎಲ್ಲ ಒಟ್ಟಿಗೆ ನುಗ್ಗಿ ಗುಲಾಬಿ ಸ್ವಲ್ಪ ಹಿಂದೆ ಸರಿದ ಹಾಗಾಗುತ್ತದೆ. ಹೆಂಗಸರು ಗುಂಪಾಗಿ ನಗುವ ಆ ಸುಖ ಇನ್ನಷ್ಟು ಹೊತ್ತು ಇರಬೇಕಿತ್ತು ಅನ್ನಿಸುತ್ತದೆ. ಆದರೆ ಉಮಾಶ್ರೀ ಅದನ್ನೆಲ್ಲ ಮರೆಸುತ್ತಾರೆ. ನಮ್ಮ ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಈ ನಟಿಗೆ ಹಾಸ್ಯದ ಪಾತ್ರಗಳನ್ನೇ ಕೊಟ್ಟು ಕೊಟ್ಟು ಕನ್ನಡ ಸಿನಿಮಾ ಅವರ ಅರ್ಧ ಶಕ್ತಿಯನ್ನೂ ಬಳಸಿರಲಿಲ್ಲ. ಗುಲಾಬಿಗಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಸಿನಿಮಾ ನೋಡುವಾಗ ಅವರ ಬಾಯಿ ಅರೆತೆರೆದು, ಕಣ್ಣು ಅರಳಿ, ಕೂತಲ್ಲೇ ಲೋಕ ಮರೆಯುವುದಿದೆಯಲ್ಲ, ಅದು ನಮ್ಮ ನಿಮ್ಮ ಮುಖವೇ.

ಗಂಡ ಬಿಟ್ಟುಹೋದ ಇನ್ನೊಬ್ಬ ಹೆಂಗಸಿನ ಕತೆ 'ಹಸೀನಾ' (2004). ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಕೈಬಿಡಲ್ಪಟ್ಟ ಹಸೀನಾ ನ್ಯಾಯ ಕೇಳಿ ಮಸೀದಿಯ ಮುಂದೆ ನಿಲ್ಲುತ್ತಾಳೆ. ತಾರಾ ಅವರ ಅಭಿನಯಕ್ಕೆ ಇದರಲ್ಲಿ ರಾಷ್ಟ್ರಪ್ರಶಸ್ತಿ ಸಿಕ್ಕಿತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕತೆ ಇದಕ್ಕೆ ಮೂಲ. ಪ್ರಶಸ್ತಿ ಬಂದಾಗ ಹೆಮ್ಮೆಪಟ್ಟವರು ಕತೆಯನ್ನೂ ಓದಿ, ಸಿನಿಮಾವನ್ನೂ ನೋಡಿದರೆ ಆ ಹೆಮ್ಮೆಗೆ ಅರ್ಥ.

ಹೊಸದರಲ್ಲಿ ಎರಡು. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016), ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗಿ ಮಗ ಹುಡುಕುವ ಕತೆ. ಮನೆಯಲ್ಲಿ ವಯಸ್ಸಾದವರಿದ್ದರೆ ಗಂಡುಮಕ್ಕಳಿಗೆ ಅಗತ್ಯವಾಗಿ ತೋರಿಸಿ, ಆರೈಕೆ ಹೆಂಗಸರೊಬ್ಬರದೇ ಕೆಲಸವಲ್ಲ. ಇನ್ನೊಂದು 'ಶಿವಮ್ಮ'. 2022ರಲ್ಲಿ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು 2024ರಲ್ಲಿ ನಮ್ಮಲ್ಲಿ ಬಿಡುಗಡೆಯಾಯಿತು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಶಿವಮ್ಮ, ಸದಸ್ಯರನ್ನು ಸೇರಿಸಿದಷ್ಟೂ ದುಡ್ಡು ಎನ್ನುವ ಪುಡಿ ಮಾರುವ ವ್ಯಾಪಾರಕ್ಕೆ ಬೀಳುತ್ತಾಳೆ. ಆ ಊರಿನವರೇ ನಟಿಸಿದ್ದಾರೆ. ಶಿವಮ್ಮ ಅಳುವುದಿಲ್ಲ, ತ್ಯಾಗವನ್ನೂ ಮಾಡುವುದಿಲ್ಲ. ಅವಳಿಗೆ ದುಡ್ಡು ಬೇಕು, ಅದಕ್ಕಾಗಿ ಹಟ ಮಾಡುತ್ತಾಳೆ, ಊರವರನ್ನೂ ಗೋಳು ಹುಯ್ದುಕೊಳ್ಳುತ್ತಾಳೆ. ಒಳ್ಳೆಯವಳೋ ಕೆಟ್ಟವಳೋ ಎಂದು ಚಿತ್ರ ತೀರ್ಪು ಕೊಡುವುದಿಲ್ಲ. ದೇವರು ಒಲಿದರೂ ತನಗೆ ಏನೂ ಬೇಡವೆಂದ ಮಲ್ಲಮ್ಮನಿಂದ ತನಗೆ ಬೇಕು ಎನ್ನುವ ಶಿವಮ್ಮನವರೆಗೆ ಬರಲು ನಮಗೆ ಮುಕ್ಕಾಲು ಶತಮಾನ ಹಿಡಿಯಿತು.

ಗಮನಿಸಿ ನೋಡಿ, ಈ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಚಿತ್ರಗಳ ಕತೆ ಬರೆದವರು ಹೆಂಗಸರು: ತ್ರಿವೇಣಿ, ಎಂ.ಕೆ. ಇಂದಿರಾ, ವೈದೇಹಿ, ಬಾನು ಮುಷ್ತಾಕ್. ಲೈಬ್ರರಿಯಿಂದ ತಂದು ನಾವು ಕದ್ದುಮುಚ್ಚಿ ಓದಿದ ಪುಸ್ತಕಗಳ ದಾರಿಯಲ್ಲೇ ಒಳ್ಳೆಯ ಸಿನಿಮಾಗಳೂ ಬಂದಿವೆ.

ಕೊನೆಗೆ ಒಂದು ಮಾತು. ಎಲ್ಲರೂ ಮಲಗಿದ ಮೇಲೆ ಫೋನನ್ನು ಹೊದಿಕೆಯೊಳಗೆ ಹಿಡಿದು ಒಬ್ಬರೇ ನೋಡುವುದರಲ್ಲೂ ಸುಖವಿದೆ, ಬೇಡವೆನ್ನುವುದಿಲ್ಲ. ಆದರೆ ಮೇಲಿನವುಗಳಲ್ಲಿ ಒಂದೆರಡನ್ನಾದರೂ ನಡುಮನೆಯ ಟೀವಿಯಲ್ಲಿ, ಎಲ್ಲರನ್ನೂ ಕೂರಿಸಿಕೊಂಡು ನೋಡಿ. ಅಡುಗೆ ಮೊದಲೇ ಮುಗಿಸಿಡಿ, ಇಲ್ಲವೇ ಆವತ್ತು ಚಿತ್ರಾನ್ನ ಮಾಡಿದರೂ ನಡೆಯುತ್ತದೆ. ನಡುವೆ ಕುಕ್ಕರು ಕೂಗಿದರೆ ಬೇರೆ ಯಾರಾದರೂ ಏಳಲಿ.