ಬಲಪ್ರಯೋಗವಿಲ್ಲದ ಸ್ವಾತಂತ್ರ್ಯ: ಟಾಲ್‌ಸ್ಟಾಯ್ ಗ್ರಂಥವೊಂದರ ವಿಮರ್ಶೆ

ಲಿಯೋ ಟಾಲ್‌ಸ್ಟಾಯ್ ಬರೆದ ‘ದೇವರ ರಾಜ್ಯವು ನಿಮ್ಮೊಳಗಿದೆ’ ಎಂಬ ಗ್ರಂಥವು ರಷ್ಯದಲ್ಲಿ ನಿಷೇಧಕ್ಕೊಳಗಾಗಿ 1894ರಲ್ಲಿ ಜರ್ಮನಿಯಲ್ಲಿ ಪ್ರಕಟವಾಯಿತು. ಮತ್ತಾಯ 5:39ರ ಉಪದೇಶವನ್ನು ಯಾವ ರಿಯಾಯಿತಿಯೂ ಇಲ್ಲದೆ ಪಾಲಿಸಬೇಕೆಂಬುದು ಅದರ ಮೂಲವಾದ. ತೆರಿಗೆ, ನ್ಯಾಯಾಲಯ, ಸೈನ್ಯ ಇವೆಲ್ಲ ಕಟ್ಟಕಡೆಗೆ ದಂಡನೆಯ ಭಯದ ಮೇಲೆ ನಿಂತಿರುವುದರಿಂದ ಕ್ರಿಸ್ತನ ಅನುಯಾಯಿಯು ಅವುಗಳಲ್ಲಿ ಪಾಲುಗೊಳ್ಳಲಾಗದು. ಹೀಗೆ ದೂರ ಸರಿಯುವವರು ಹೆಚ್ಚಿದಂತೆ ಜನಾಭಿಪ್ರಾಯವು ಮಾರ್ಪಟ್ಟು ಪ್ರಭುತ್ವವು ತಾನಾಗಿ ಕರಗುವುದು ಎಂದು ಗ್ರಂಥಕರ್ತನು ನಂಬಿದ್ದನು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರ ಮೇಲೆ ಈ ಗ್ರಂಥವು ಆಳವಾದ ಪ್ರಭಾವ ಬೀರಿತು. ಅವರ ಮೂಲಕ ಅದರ ವಿಚಾರವು ಯಲವಿಗಿ, ಸವಣೂರು, ಹಾವೇರಿಗಳ ಸೀಮೆಯನ್ನೂ ತಲುಪಿತು. ಯಾರೂ ಯಾರನ್ನೂ ಬಲವಂತದಿಂದ ಆಳಬಾರದೆಂಬ ಸ್ವಾತಂತ್ರ್ಯವಾದದ ಆದರ್ಶವು ರಾಜಕೀಯ ಬಲಪ್ರಯೋಗವಿಲ್ಲದೆ ಹರಡಬಲ್ಲುದೇ ಎಂಬ ಪ್ರಶ್ನೆಯನ್ನು ನಾವು ಈ ಸೀಮೆಯ ಅನುಭವದಲ್ಲಿಯೇ ಪರೀಕ್ಷಿಸಬಹುದು.

ಗ್ರಂಥದ ಬಲವನ್ನು ಮೊದಲು ಒಪ್ಪಿಕೊಳ್ಳೋಣ. ಸ್ವಾತಂತ್ರ್ಯವನ್ನು ಬಲದಿಂದ ಹೇರಿದರೆ ಅದು ಸ್ವಾತಂತ್ರ್ಯವಾಗಿ ಉಳಿಯುವುದಿಲ್ಲವೆಂಬ ಅದರ ವಾದಕ್ಕೆ ಹಿರೇಕೆರೂರಿನ ನೆರೆಯ ಶಿಕಾರಿಪುರ ಸೀಮೆಯ ಈಸೂರು ಸಾಕ್ಷಿಯಾಗಿದೆ. 1942ರಲ್ಲಿ ಆ ಗ್ರಾಮದವರು ಕಂದಾಯ ಕೊಡಲು ನಿರಾಕರಿಸಿ ಸ್ವಂತ ಸರ್ಕಾರವನ್ನು ಘೋಷಿಸಿದರು; ಇಬ್ಬರು ಬಾಲಕರನ್ನೇ ಅಧಿಕಾರಿಗಳನ್ನಾಗಿ ನೇಮಿಸಿದರು. ಪ್ರಜೆಗಳ ಒಪ್ಪಿಗೆಯಿಲ್ಲದ ಅಧಿಕಾರವು ಎಷ್ಟು ಪೊಳ್ಳೆಂಬುದನ್ನು ಆ ನೇಮಕವು ಲೋಕಕ್ಕೆ ತೋರಿಸಿತು. ಆದರೆ ಬಂದ ಸರ್ಕಾರಿ ಅಧಿಕಾರಿಗಳೂ ಗಾಂಧಿ ಟೋಪಿ ಧರಿಸಬೇಕೆಂಬ ಒತ್ತಾಯ ಹುಟ್ಟಿದಾಗ ಒಪ್ಪಿಗೆಯ ಗುರುತೇ ಬಲವಂತದ ಗುರುತಾಯಿತು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು. ಅವರ ತ್ಯಾಗವನ್ನು ನಾವು ಗೌರವಿಸುತ್ತೇವೆ. ಆದರೂ ಮನವೊಲಿಕೆಯು ನಿಂತ ಕ್ಷಣವೇ ಆದರ್ಶದ ಹರಡುವಿಕೆಯೂ ನಿಂತಿತೆಂಬುದನ್ನು ಮರೆಮಾಚಲಾಗದು.

ಎರಡನೆಯ ಸಾಕ್ಷಿ ಇನ್ನಷ್ಟು ಕಠಿಣವಾದುದು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದವರು; ಹಿಂದಿರುಗಿ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ ಖಾದಿಯ ಕೆಲಸ ಮಾಡಿದವರು. 1942ರ ಚಳವಳಿಯಲ್ಲಿ ಅವರ ತಂಡವು ಸರ್ಕಾರದ ಆಸ್ತಿಯ ಮೇಲೆ ಕೈಮಾಡಿತು, ಮನುಷ್ಯರ ಮೇಲೆ ಕೈಮಾಡಬಾರದೆಂಬ ನಿಯಮವನ್ನು ಇರಿಸಿಕೊಂಡಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಅವರೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಡಿಗರೂ ಪೊಲೀಸರ ಗುಂಡಿಗೆ ಬಲಿಯಾದರು. ಇದು ಬಲಪ್ರಯೋಗವೋ ಅಲ್ಲವೋ? ದೇವಾಲಯದಲ್ಲಿ ಚಿನಿವಾರರ ಮೇಜುಗಳನ್ನು ಕೆಡವಿದ ಕರ್ತನನ್ನು ನೆನೆಯುವ ನಾವು ಅವಸರದಿಂದ ಉತ್ತರಿಸಲಾರೆವು. ಮಾಡದಿರುವುದನ್ನು ವಿವರವಾಗಿ ಹೇಳುವ ಟಾಲ್‌ಸ್ಟಾಯ್, ಮಾಡಬೇಕಾದಾಗ ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವುದಿಲ್ಲ. ಆ ಗೆರೆಯನ್ನು ಎಳೆಯಲು ಹೊರಟವರು ಈ ತಂಡದವರು. ಅದನ್ನು ಅವರು ಸರಿಯಾದೆಡೆ ಎಳೆದರೇ ಎಂಬುದು ಚರ್ಚಾಸ್ಪದ. ಆದರೆ ಅವರ ಮಾತು ಜನರ ಮನಸ್ಸಿನಲ್ಲಿ ಬೇರೂರಿದುದಕ್ಕೆ ದಾಳಿಗಳಿಗಿಂತ ಮೊದಲಿನ ವರುಷಗಳ ನೂಲು, ನೇಯ್ಗೆ, ಸೇವೆಗಳೇ ನೆಲೆಯಾಗಿದ್ದವೆಂದು ನಾವು ತಿಳಿಯುತ್ತೇವೆ.

ಗ್ರಂಥದ ದೊಡ್ಡ ಕೊರತೆ ಬೇರೊಂದಿದೆ. ಬಲವನ್ನು ಅದು ಮುಖ್ಯವಾಗಿ ಪ್ರಭುತ್ವದಲ್ಲಿಯೇ ಕಾಣುತ್ತದೆ. ನಮ್ಮ ಗ್ರಾಮಗಳಲ್ಲಿ ಕೆರೆಬಾವಿಗಳ ನೀರನ್ನು, ಗುಡಿಯ ಬಾಗಿಲನ್ನು ದಲಿತರಿಗೆ ನಿರಾಕರಿಸಿದ್ದು ಯಾವ ಅರಸನ ಸೈನ್ಯವೂ ಅಲ್ಲ, ನೆರೆಹೊರೆಯವರ ರೂಢಿ. ಪ್ರಭುತ್ವವು ಕರಗಿದ ಮಾತ್ರಕ್ಕೆ ಆ ರೂಢಿ ಕರಗುತ್ತಿರಲಿಲ್ಲ. ಸಂವಿಧಾನದ 17ನೆಯ ವಿಧಿಯೂ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯೂ ದಂಡನೆಯ ಭಯವನ್ನು ಮುಂದಿಟ್ಟೇ ಬಿಡುಗಡೆಯ ಬಾಗಿಲನ್ನು ತೆರೆದವು. ಕಾನೂನು ಹೃದಯವನ್ನು ಬದಲಿಸಲಿಲ್ಲ, ನಿಜ. ಆದರೆ ಮೇಲಿನವನ ಹೃದಯ ಬದಲಾಗುವವರೆಗೂ ಬಾಯಾರಿದವನು ಕಾಯಬೇಕೆಂದು ಹೇಳುವ ಅಧಿಕಾರ ನಮಗಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ನಾವು ಓದಬೇಕಾದುದು ಅಧಿಕಾರದ ಸ್ತುತಿಯೆಂದಲ್ಲ, ಕೇಡಿಗೆ ಒಡ್ಡುವ ಮಿತವಾದ ತಡೆಯೆಂದು.

ಕ್ರಿಸ್ತಸಭೆಯೂ ಈ ವಿಮರ್ಶೆಯಿಂದ ಹೊರಗಿಲ್ಲ. 1833ರ ಸನ್ನದು ಕಂಪನಿ ಸರ್ಕಾರದ ನಿರ್ಬಂಧಗಳನ್ನು ಸಡಿಲಿಸಿದ ಮೇಲೆಯೇ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ಅವರು ಶಾಲೆ, ಅಚ್ಚುಕೂಟ, ಮನವೊಲಿಕೆಗಳಿಂದ ದುಡಿದರು, ಖಡ್ಗವನ್ನು ಹಿಡಿಯಲಿಲ್ಲ. ಆದರೂ ಅವರು ನಿಂತದ್ದು ಖಡ್ಗದ ನೆರಳಿನಲ್ಲಿ. ಬಲವನ್ನು ಬಳಸದಿರುವುದು ಒಂದು, ಬಲದ ಆಸರೆಯಿಲ್ಲದೆ ಬಾಳುವುದು ಇನ್ನೊಂದು. ಪಿಲಾತನ ಮುಂದೆ ತನ್ನ ಸೇವಕರ ಕಾದಾಟವನ್ನು ಬೇಡವೆಂದ ಕರ್ತನಿಗೆ ಆ ಆಸರೆಯೂ ಇರಲಿಲ್ಲ.

ಆದುದರಿಂದ ನಮ್ಮ ತೀರ್ಮಾನ ಇಷ್ಟು. ಆದರ್ಶವನ್ನು ನಂಬಿಸುವ ಕಾರ್ಯದಲ್ಲಿ ಬಲಕ್ಕೆ ಎಡೆಯೇ ಇಲ್ಲ. ಇಲ್ಲಿ ಟಾಲ್‌ಸ್ಟಾಯ್ ಹೇಳಿದ್ದು ಸತ್ಯ. ದುರ್ಬಲನನ್ನು ನೆರೆಯವನ ಬಲದಿಂದ ಕಾಪಾಡುವ ಕಾರ್ಯಕ್ಕೆ ನ್ಯಾಯಬದ್ಧವಾದ ಕಾನೂನು ಬೇಕು. ಇಲ್ಲಿ ಅವನ ಗ್ರಂಥ ನಮ್ಮನ್ನು ಅರ್ಧದಾರಿಯಲ್ಲಿ ಬಿಡುತ್ತದೆ. ಕಾನೂನು ಬಾವಿಯ ದಾರಿಯನ್ನು ತೆರೆದಿಡಬಲ್ಲುದು. ಬಂದವನ ಕೊಡಕ್ಕೆ ಪ್ರೀತಿಯಿಂದ ನೀರೆರೆಯುವುದನ್ನು ಕಲಿಸುವ ಹೊಣೆ ಸಭೆಯದು.