ಅಪ್ಪುವಿನೊಳಗಿದ್ದ ರಾಮು

ಪುನೀತ್ ರಾಜ್‌ಕುಮಾರ್ ಎಂದರೆ ನಮಗೆ ತಟ್ಟನೆ ನೆನಪಾಗುವುದು ಅವರ ಕುಣಿತ, ಹೊಡೆದಾಟ, ತೆರೆಯಾಚೆಗಿನ ದೊಡ್ಡ ಮನಸ್ಸು. 2021ರ ಅಕ್ಟೋಬರ್ 29ರಂದು, ಬರೀ 46ನೇ ವಯಸ್ಸಿಗೆ, ಅವರು ಹೋದ ಮೇಲಂತೂ ಅವರನ್ನು ನಟನಾಗಿ ತೂಗಿ ನೋಡುವುದಕ್ಕೇ ಮನಸ್ಸು ಹಿಂಜರಿಯುತ್ತದೆ. ಆದರೂ ನೋಡಬೇಕು. ಕಲಾವಿದನಿಗೆ ಸಲ್ಲಬೇಕಾದ ಗೌರವದಲ್ಲಿ ಅದೂ ಸೇರಿದೆ.

ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ 'ಬೆಟ್ಟದ ಹೂವು' (1985) ಚಿತ್ರದ ರಾಮು ಬಡವರ ಮನೆಯ ಹುಡುಗ. ಕಾಡು ಅಲೆದು ಸೀತಾಳೆ ಹೂಗಳನ್ನು ಹುಡುಕಿ ಷೆರ್ಲಿ ಮೇಡಂಗೆ ಕೊಟ್ಟು, ಬಂದ ಚಿಲ್ಲರೆಯನ್ನು ಕೂಡಿಡುತ್ತಾನೆ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂಬುದು ಅವನ ಆಸೆ. ಕಡೆಗೆ ಆ ದುಡ್ಡು ಮನೆಯವರ ಕಂಬಳಿಗೆ ಹೋಗುತ್ತದೆ. ಪ್ರೇಕ್ಷಕರ ಕಣ್ಣೀರು ಹಿಂಡಲು ಇದಕ್ಕಿಂತ ಬೇರೆ ಕಥೆ ಬೇಕಿಲ್ಲ. ಆದರೆ ಪುನೀತ್ ಅಳುವನ್ನು ಮುಂದೊಡ್ಡುವುದಿಲ್ಲ. ದೊಡ್ಡವರು ಮಾತಾಡುವಾಗ ಈ ಹುಡುಗ ತನ್ನ ಸಂಭಾಷಣೆಯ ಸರದಿಗಾಗಿ ಕಾಯುತ್ತಿದ್ದಾನೆ ಅನ್ನಿಸುವುದೇ ಇಲ್ಲ. ಅವನು ನಿಜಕ್ಕೂ ಕೇಳಿಸಿಕೊಳ್ಳುತ್ತಾನೆ; ಕೇಳಿದ್ದು ಮುಖದ ಮೇಲೆ ನಿಧಾನವಾಗಿ ಮೂಡುತ್ತದೆ. ಬಾಲನಟರಲ್ಲಿ ಚೂಟಿತನ ಹೇರಳ, ಈ ನಿಧಾನ ಅಪರೂಪ. ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂದದ್ದು ರಾಜ್‌ಕುಮಾರ್ ಮಗನೆಂಬ ಕಾರಣಕ್ಕಲ್ಲ. ಅದಕ್ಕೂ ಮುಂಚೆ 'ಭಕ್ತ ಪ್ರಹ್ಲಾದ'ದಲ್ಲಿ (1983) ತಂದೆಯ ಹಿರಣ್ಯಕಶಿಪುವಿನ ಅಬ್ಬರಕ್ಕೆ ಅಬ್ಬರದಿಂದಲ್ಲ, ಸಮಾಧಾನದಿಂದ ಎದುರು ನಿಂತಿದ್ದ ಹುಡುಗ ಅವನು.

1989ರ 'ಪರಶುರಾಮ್' ಆದ ಮೇಲೆ ಬಿಡುವು. 2002ರಲ್ಲಿ ಪುರಿ ಜಗನ್ನಾಥ್ ನಿರ್ದೇಶನದ 'ಅಪ್ಪು' ಬಂತು, ಗೆದ್ದಿತು. ಆ ಕುಣಿತದಲ್ಲಿದ್ದ ಲವಲವಿಕೆ ಕನ್ನಡ ತೆರೆಗೆ ಹೊಸದು, ಅದನ್ನು ಹಗುರವಾಗಿ ಕಾಣಬಾರದು. ತೊಂದರೆ ಆದದ್ದು ಆ ಗೆಲುವೇ ಅಚ್ಚಾಗಿಬಿಟ್ಟದ್ದರಿಂದ. ಭರ್ಜರಿ ಎಂಟ್ರಿ, ಒಂದು ಫೈಟು, ಒಂದು ಹಾಡು, ವಂಶದ ಹೆಸರಿಗೆ ಜೈಕಾರ. ಚಿತ್ರದಿಂದ ಚಿತ್ರಕ್ಕೆ ಇದೇ ನಡೆಯಿತು. ಅವರ ಕೈಕಾಲಿಗೆ ಸಿಕ್ಕಷ್ಟು ಕೆಲಸ ಮುಖಕ್ಕೆ ಸಿಗಲಿಲ್ಲ. ಹೊಣೆ ನಿರ್ದೇಶಕರದ್ದಷ್ಟೇ ಅಲ್ಲ. ಕಥೆಗಳನ್ನು ಒಪ್ಪಿದ್ದು ಪುನೀತ್ ಅವರೇ, ಶಿಳ್ಳೆ ಹೊಡೆದದ್ದು ನಾವು.

ರಾಮು ಪೂರ್ತಿ ಕಾಣೆಯಾಗಲಿಲ್ಲ ಅನ್ನುವುದೇ ಸಂತೋಷ. 'ಮಿಲನ'ದಲ್ಲಿ (2007) ಕೈಹಿಡಿದವಳ ಮನಸ್ಸು ಬೇರೆಲ್ಲೋ ಇದೆ ಎಂದು ತಿಳಿದ ಗಂಡನಾಗಿ, ನೋವನ್ನು ನಗುವಿನಡಿ ಇಟ್ಟುಕೊಂಡೇ ಅವರು ನಟಿಸಿದರು. ಜೇಕಬ್ ವರ್ಗೀಸ್ ಅವರ 'ಪೃಥ್ವಿ'ಯಲ್ಲಿ (2010) ಬಳ್ಳಾರಿಯ ಗಣಿಧಣಿಗಳ ಎದುರು ನಿಂತ ಜಿಲ್ಲಾಧಿಕಾರಿಯ ಸಿಟ್ಟು ಮುಷ್ಟಿಗಿಂತ ಹೆಚ್ಚಾಗಿ ಬಿಗಿಹಿಡಿದ ಮಾತಿನಲ್ಲಿದೆ. ನನ್ನ ಮಟ್ಟಿಗೆ ಅವರ ವಯಸ್ಕ ಪಾತ್ರಗಳಲ್ಲಿ ಇದೇ ಮೇಲು. ಬಿ.ಎಂ. ಗಿರಿರಾಜ್ ಅವರ 'ಮೈತ್ರಿ'ಯಲ್ಲಿ (2015) ತಮ್ಮದೇ ಪಾತ್ರವಾಗಿ ರಸಪ್ರಶ್ನೆಯ ಕುರ್ಚಿಯಲ್ಲಿ ಕೂತು, ರಿಮಾಂಡ್ ಹೋಮ್ ಹುಡುಗನ ಮಾತಿಗೆ ಕಿವಿಗೊಡುತ್ತಾರೆ. ಅಲ್ಲಿ ದೃಶ್ಯ ಹುಡುಗನದ್ದು. ಸೂಪರ್‌ಸ್ಟಾರ್ ಅದನ್ನು ಅವನಿಗೇ ಬಿಟ್ಟುಕೊಟ್ಟು ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಗೆ ದೊಡ್ಡ ನಟನೇ ಬೇಕು.

ಇನ್ನೊಂದು ಮಾತು. ಪಿಆರ್‌ಕೆ ಬ್ಯಾನರಿನಲ್ಲಿ 'ಕವಲುದಾರಿ'ಯಂಥ (2019) ಚಿತ್ರ ನಿರ್ಮಿಸಿದ ಪುನೀತ್‌ಗೆ ಒಳ್ಳೆಯ ಕಥೆಯ ರುಚಿ ಚೆನ್ನಾಗಿ ಗೊತ್ತಿತ್ತು. ಅಂಥ ಕಥೆಗಳನ್ನು ಬೇರೆಯವರಿಗೆ ಕೊಟ್ಟರು, ತಮಗಾಗಿ ಇಟ್ಟುಕೊಂಡದ್ದು ತೀರಾ ಕಡಿಮೆ. ಅವರು ತೀರಿಕೊಂಡ ಮೇಲೆ ತೆರೆಕಂಡ 'ಗಂಧದ ಗುಡಿ'ಯಲ್ಲಿ (2022) ನಾಯಕನ ವೇಷ ಕಳಚಿ ಕಾಡಿನಲ್ಲಿ ನಡೆಯುತ್ತಾ ಬೆರಗಾಗುವ ಪುನೀತ್‌ರನ್ನು ನೋಡಿದಾಗ, ಮುಂದಿನ ಹತ್ತು ವರ್ಷ ಎಂಥ ಪಾತ್ರಗಳು ಬರಬಹುದಿತ್ತು ಅನ್ನಿಸಿ ಹೊಟ್ಟೆ ಉರಿಯುತ್ತದೆ.

ಅಪ್ಪು ಹುಟ್ಟುಹಬ್ಬ ಬಂದಾಗಲೆಲ್ಲ ಚಿತ್ರಮಂದಿರದವರು ಹಿಟ್ ಚಿತ್ರಗಳನ್ನೇ ಮತ್ತೆ ಹಾಕುತ್ತಾರೆ. ಒಂದು ಆಟವನ್ನಾದರೂ 'ಬೆಟ್ಟದ ಹೂವು', 'ಪೃಥ್ವಿ'ಗಳಿಗೆ ಕೊಡಲಿ. ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿ.